ಪಡುವಲಿಗೆ ಕುಂಬಾರ ತಿಮ್ಮಯ್ಯನ ಮನೆ

"ಆಂಟಿ, ಈ ಕೆಲಸದ ಟಿಪ್ಸ್ ಹೇಳಿ" ಎಂದು ಮೊನ್ನೆ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ಹೊಸದಾಗಿ ಪತ್ರ ಬರಹಗಾರರ ಲೈಸೆನ್ಸ್ ಪಡೆದವರು. ನಾನು ಮೂವತ್ತನಾಲ್ಕು ವರ್ಷ ಮಧುಗಿರಿಯ ನೋಂದಣಿ ಕಚೇರಿಯ ಎದುರು ಮೇಜು ಹಾಕಿಕೊಂಡು ಕ್ರಯಪತ್ರ, ವಿಭಾಗಪತ್ರ, ಬಾಡಿಗೆ ಕರಾರು ಬರೆದವಳು. ಲೈಸೆನ್ಸ್ ವಾಪಸು ಕೊಟ್ಟು ಈಗ ಮನೆಯಲ್ಲಿ ಕೂತಿದ್ದೇನೆ. ಕೂತಿದ್ದೇನೆ ಎಂದರೆ ಬಾಯಿಯೂ ಕೂತಿದೆ ಎಂದಲ್ಲ. ಇಬ್ಬರಿಗೂ ಕಾಫಿ ಕೊಟ್ಟು ಹೇಳಿದೆ: "ಟಿಪ್ಸ್ ಮೊಬೈಲಲ್ಲಿ ಬೇಕಾದಷ್ಟವೆ ಕಣ್ರಮ್ಮ. ನನ್ನತ್ರ ಇರೋದು ತಪ್ಪುಗಳು. ಅದ್ರಾಗೆ ಒಂದು ದೊಡ್ಡದು ಕೊಡ್ತೀನಿ, ತಗೊಂಡೋಗಿ."

ಆ ದೊಡ್ಡ ತಪ್ಪಿನಿಂದ ಹನುಮಕ್ಕ ಎಂಬ ಹೆಂಗಸಿನ ಮನೆ, ಆ ಮನೆಗೆ ಅಂಟಿಕೊಂಡ ಎರಡು ಬಾಡಿಗೆ ಕೋಣೆ, ಒಟ್ಟಿನಲ್ಲಿ ಅವಳು ಬದುಕಿನಲ್ಲಿ ಕಟ್ಟಿಕೊಂಡದ್ದೆಲ್ಲ ಬೇರೆಯವರ ಪಾಲಾಗುವುದರಲ್ಲಿತ್ತು. ಬರೆದದ್ದು ನನ್ನ ಕೈ. ಈಗ ನೆನೆದರೂ ಎದೆ ಡವಡವ ಅನ್ನುತ್ತದೆ. ಹೆದರಿಕೆಗೆ ಮಾತ್ರವಲ್ಲ, ನಿಜ ಹೇಳಬೇಕೆಂದರೆ ಖುಷಿಗೂ! ಮೂವತ್ತನಾಲ್ಕು ವರ್ಷದಲ್ಲಿ ಆ ಕೆಲವು ದಿನ ಓಡಾಡಿದ ಹಾಗೆ ನಾನು ಯಾವತ್ತೂ ಓಡಾಡಿರಲಿಲ್ಲ.

ಮೊದಲು ನಮ್ಮ ಕೆಲಸದ ಜೀವ ಎಲ್ಲಿದೆ ಎಂದು ಹೇಳಿಬಿಡುತ್ತೇನೆ. ಜಾಗ ಮಾರುವ ಪತ್ರದಲ್ಲಿ ಚಕ್ಕುಬಂದಿ ಎಂಬ ನಾಲ್ಕು ಸಾಲು ಇರುತ್ತದೆ. ಮೂಡಲಿಗೆ ಏನಿದೆ, ಪಡುವಲಿಗೆ ಏನಿದೆ, ಬಡಗಲಿಗೆ, ತೆಂಕಲಿಗೆ ಏನಿದೆ ಎಂದು. ಉಳಿದ ಹತ್ತು ಪುಟದಲ್ಲಿ ‘ಪುತ್ರಪೌತ್ರ ಪಾರಂಪರ್ಯವಾಗಿ ಸುಖವಾಗಿ ಅನುಭವಿಸಿಕೊಂಡು ಬರತಕ್ಕದ್ದು’ ಎಂದು ಎಷ್ಟು ಚೆಂದವಾಗಿ ಬರೆದರೂ, ಅನುಭವಿಸಬೇಕಾದ ಜಾಗ ಎಲ್ಲಿದೆ ಎಂದು ಹೇಳುವುದು ಆ ನಾಲ್ಕು ಸಾಲು.

ನನಗೆ ಕೆಲಸ ಕಲಿಸಿದ ವೀರಭದ್ರಯ್ಯನವರು ಚನ್ನರಾಯನದುರ್ಗದ ಕಡೆಯವರು. ಹಣೆತುಂಬ ವಿಭೂತಿ, ಕಿವಿಯ ಮೇಲೆ ಪೆನ್ನು, ಮೂಗಿನ ತುದಿಯಲ್ಲಿ ಕೋಪ. ಆಗ ಛಾಪಾ ಕಾಗದದ ಮೇಲೆ ಕೈಯಲ್ಲೇ ಬರೆಯಬೇಕಿತ್ತು. ಸಾಲಿನ ಕೊನೆಯಲ್ಲಿ ಎರಡು ಅಕ್ಷರದ ಜಾಗ ಉಳಿದರೂ ಅಡ್ಡಗೆರೆ ಎಳೆಸುತ್ತಿದ್ದರು. "ಖಾಲಿ ಜಾಗ ಬಿಟ್ರೆ ಕಳ್ಳಂಗೆ ಚಾಪೆ ಹಾಸ್ಕೊಟ್ಟಂಗೆ ಕಣಮ್ಮ" ಅನ್ನುತ್ತಿದ್ದರು. ಒಂದು ಅಕ್ಷರ ತಪ್ಪಿದರೆ ಇಡೀ ಹಾಳೆ ಹರಿದು ಮತ್ತೆ ಬರೆಸುತ್ತಿದ್ದರು. ನಾನು ಅವರನ್ನು ಮನಸ್ಸಿನಲ್ಲಿ ಬೈದಷ್ಟು ನನ್ನ ಅತ್ತೆಯನ್ನೂ ಬೈದಿಲ್ಲ.

ಅವರ ದೊಡ್ಡ ನಿಯಮ ಒಂದೇ. ಚಕ್ಕುಬಂದಿಯನ್ನು ಕಾಲಿನಲ್ಲಿ ಬರೆಯಬೇಕು, ಕೈಯಲ್ಲಲ್ಲ. ಅಂದರೆ ಜಾಗಕ್ಕೆ ಹೋಗಿ, ನಾಲ್ಕು ಮೂಲೆ ತುಳಿದು, ಅಕ್ಕಪಕ್ಕದವರನ್ನು ಮಾತಾಡಿಸಿ ಬಂದು ಬರೆಯಬೇಕು. ಪಕ್ಕದವರ ಹೆಸರನ್ನು ಕಸುಬಿನ ಸಮೇತ ಬರೆಯಬೇಕು. ‘ಖಾಸಗಿ ಸ್ವತ್ತು’ ಎಂದು ಬರೆದರೆ ಪೆನ್ನು ಕಿತ್ತುಕೊಳ್ಳುತ್ತಿದ್ದರು. ಮದಲೂರಿನ ಕಡೆಯ ಒಬ್ಬ ರೈತ ತಾತನ ಕಾಲದ ಪತ್ರ ತಂದಿದ್ದ. ಅದರಲ್ಲಿ ‘ಮೂಡಲಿಗೆ ಕೆರೆಯ ನೀರು’ ಎಂದಿತ್ತು. ಮಳೆಗಾಲದಲ್ಲಿ ಅವನ ಹೊಲ ನಾಲ್ಕು ಮಡಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಷ್ಟೂ ಹೊಲ ಮುಂದೆ ಸರಿದು, ಕೆರೆಯ ನಡುವೆ ಸೌತೆಕಾಯಿ ಬೆಳೆದುಕೊಂಡು ಕೂತಿದ್ದ. ಕೇಳಿದರೆ "ನಮ್ಮ ತಾತ ನೀರಿನ ತಂಕ ಕೊಂಡವ್ನೆ ಬುದ್ದಿ" ಅನ್ನುತ್ತಿದ್ದ. ವೀರಭದ್ರಯ್ಯನವರು ಪತ್ರ ಮಡಿಚಿ ಅವನ ಕೈಗಿಟ್ಟು, "ಹಂಗಾರೆ ನೀರನ್ನೂ ಕರ್ಕೊಂಬಾ, ಸಾಕ್ಷಿ ಸಹಿ ಹಾಕ್ಲಿ" ಎಂದಿದ್ದರು.

ಅವರು ಹೋದ ಮೇಲೆ ಆ ಮೇಜು ನನ್ನದಾಯಿತು. ನಾನೂ ಕೆಲವು ವರ್ಷ ಕಾಲಿನಲ್ಲೇ ಬರೆದೆ. ಆಮೇಲೆ ಕಂಪ್ಯೂಟರ್ ಬಂತು. ಹಳೆಯ ಪತ್ರ ತೆರೆ, ಹೆಸರು ಬದಲಿಸು, ಗುಂಡಿ ಒತ್ತು! ದಿನಕ್ಕೆ ಎರಡು ಪತ್ರ ಬರೆಯುತ್ತಿದ್ದವಳು ಎಂಟು ಬರೆಯತೊಡಗಿದೆ. ನನ್ನ ಚಪ್ಪಲಿ ಸವೆಯುವುದು ನಿಂತಿತು. ಅದನ್ನೇ ನಾನು ಏಳಿಗೆ ಎಂದುಕೊಂಡೆ.

ಬುದ್ಧಿ ಪೂರಾ ಮಂಕಾಗಿತ್ತು ಎಂದಲ್ಲ. ಸಿದ್ದರಬೆಟ್ಟದ ಬುಡದಲ್ಲಿ ಯಾತ್ರಿಕರಿಗೆ ರೂಮು ಕಟ್ಟಿ ಬಾಡಿಗೆಗೆ ಬಿಡುತ್ತೇನೆ ಎಂದು ತುಮಕೂರಿನ ಮೇಷ್ಟ್ರೊಬ್ಬರು ಕುಣಿದುಕೊಂಡು ಬಂದಾಗ, ಅಡ್ವಾನ್ಸ್ ಕೊಡುವ ಮೊದಲು ಭೂಪರಿವರ್ತನೆಯ ಆದೇಶ ತರಿಸಿ ಎಂದವಳು ನಾನೇ. ಆದೇಶ ಇರಲೇ ಇಲ್ಲ. ಹೊಲವನ್ನು ಕಡಲೆಮಿಠಾಯಿ ಹಾಗೆ ತುಂಡು ಮಾಡಿ ಮಾರುತ್ತಿದ್ದರು. ಮನೆಯನ್ನು ಭೋಗ್ಯಕ್ಕೆ ಕೊಡುವವರು ‘ನಂಬಿಕೆ ಇದೆ, ಬಿಳಿ ಕಾಗದ ಸಾಕು’ ಎಂದಾಗ, ನಂಬಿಕೆ ಇದ್ದರೆ ನೋಂದಣಿಗೂ ಬನ್ನಿ ಎಂದು ಗದರಿದವಳೂ ನಾನೇ. ಊರಿಗೆಲ್ಲ ಬುದ್ಧಿ ಹೇಳಿದೆ. ನನ್ನ ಕಾಲು ಮಾತ್ರ ಮೇಜಿನ ಕೆಳಗೇ ಇತ್ತು.

ಹನುಮಕ್ಕನ ಪತ್ರ ಬರೆದದ್ದು ಆ ದಿನಗಳಲ್ಲಿ. ಅವಳು ಕೊರಟಗೆರೆಯ ಒಂದು ಹಾಸ್ಟೆಲಿನಲ್ಲಿ ಅಡುಗೆಯವಳು. ಮಧುಗಿರಿಯ ಹೊರಗಡೆ ಆಂಜಿನಪ್ಪ ಎಂಬ ಕಲ್ಲುಕುಟಿಗನ ಒಂದು ಉದ್ದನೆಯ ನಿವೇಶನವಿತ್ತು. ಮುಂದೆ ಒಂದು ಓಣಿ, ಹಿಂದೆ ಒಂದು ಓಣಿ. ಆ ನಿವೇಶನದ ಅರ್ಧವನ್ನು ಹನುಮಕ್ಕ ಕೊಂಡಳು. ಒಂದು ಮನೆ ಕಟ್ಟಿ, ಒಳಗೋಡೆಯ ಮೇಲೆ ಬುದ್ಧನ ಪಟ ತೂಗುಹಾಕಿ, ಮೊದಲ ದಿನವೇ ನನಗೆ ಪಾಯಸ ತಂದುಕೊಟ್ಟಿದ್ದಳು. ಆಮೇಲೆ ಎರಡು ಬಾಡಿಗೆ ಕೋಣೆ ಎಬ್ಬಿಸಿದಳು. ಒಂದರಲ್ಲಿ ಟೈಲರ್, ಇನ್ನೊಂದರಲ್ಲಿ ಒಬ್ಬಳು ನರ್ಸ್. ಪ್ರತಿ ಹನ್ನೊಂದು ತಿಂಗಳಿಗೆ ಕರಾರು ಹೊಸದು ಮಾಡಿಸಲು ನನ್ನ ಮೇಜಿಗೇ ಬರುತ್ತಿದ್ದಳು. ಆಂಜಿನಪ್ಪ ವಯಸ್ಸಾಯಿತೆಂದು ಪಾವಗಡದಾಚೆಯ ತನ್ನ ಗಡಿ ಹಳ್ಳಿಗೆ ಹೊರಟುಹೋದ. ಉಳಿದ ಅರ್ಧ ಹಾಗೆಯೇ ಖಾಲಿ ಬಿದ್ದಿತ್ತು.

ಹದಿನಾರು ವರ್ಷ ಕಳೆದವು. ನಾನು ಲೈಸೆನ್ಸ್ ಕೊಟ್ಟುಬಿಡಬೇಕು ಎಂದುಕೊಂಡಿದ್ದ ಆ ಕೊನೆಯ ಬೇಸಿಗೆಯಲ್ಲಿ ಒಂದು ದಿನ ಹನುಮಕ್ಕ ಸೀದಾ ಬಂದು ಮೇಜಿನ ಮೇಲೆ ವಕೀಲರ ನೋಟಿಸ್ ಇಟ್ಟಳು.

"ಜಯಕ್ಕ, ಇದೇನು ಓದು. ನಾನು ಇರೋ ಮನೆ ನಂದಲ್ವಂತೆ. ಮೂವತ್ತು ದಿನದಾಗೆ ಖಾಲಿ ಮಾಡ್ಬೇಕಂತೆ."

ಓದಿದೆ. ಸಿರಾದಲ್ಲಿ ಟೈರ್ ಅಂಗಡಿ ಇಟ್ಟುಕೊಂಡ ಜಬ್ಬಾರ್ ಸಾಹೇಬರು ಎಂಬವರು ಎರಡು ವರ್ಷದ ಹಿಂದೆ ಆಂಜಿನಪ್ಪನಿಂದ ಉಳಿದ ಅರ್ಧವನ್ನು ಕೊಂಡಿದ್ದರು. ಅವರ ಪತ್ರದಲ್ಲಿ ಅದು ಪಡುವಲ ಅರ್ಧ. ಹನುಮಕ್ಕನ ಪತ್ರದಲ್ಲಿ ಅವಳದು ಮೂಡಲ ಅರ್ಧ. ಆದರೆ ಅವಳ ಮನೆ ನಿಂತಿರುವುದು ಪಡುವಲ ಅರ್ಧದಲ್ಲಿ, ಅಂದರೆ ಜಬ್ಬಾರ್ ಸಾಹೇಬರ ಜಾಗದಲ್ಲಿ ಎಂದು ನೋಟಿಸ್ ಹೇಳುತ್ತಿತ್ತು.

"ನನ್ನ ಪತ್ರದಾಗೆ ತಪ್ಪಾ? ಸಾಧ್ಯವೇ ಇಲ್ಲ ಬುಡು" ಎಂದೆ. ನನ್ನ ಮೂಗಿನ ತುದಿಯಲ್ಲೂ ಆಗ ವೀರಭದ್ರಯ್ಯನವರ ಕೋಪವೇ ಕೂತಿತ್ತು, ಅವರ ಕಾಲು ಮಾತ್ರ ನನ್ನಲ್ಲಿರಲಿಲ್ಲ. ನನ್ನ ಪತ್ರದ ನಕಲು ತೆಗೆದು ತೋರಿಸಿದೆ: ಮಾರಿದ್ದು ಮೂಡಲ ಅರ್ಧ, ಮೂಡಲಿಗೆ ಕುಂಬಾರ ತಿಮ್ಮಯ್ಯನ ಮನೆ, ಪಡುವಲಿಗೆ ಮಾರಿದವನ ಉಳಿಕೆ ಜಾಗ. "ನಿನ್ನ ಪಕ್ಕ ಕುಂಬಾರರ ಮನೆ ಇಲ್ವಾ?"

"ಅದೆ. ಗೋಡೆಗೆ ಗೋಡೆ ಅಂಟ್ಕೊಂಡದೆ."

"ಮತ್ತೆ? ಸರಿಯಾಗೇ ಅದಲ್ಲ. ಬಾ, ತೋರಿಸ್ತೀನಿ" ಎಂದು ಅವಳ ಜೊತೆ ಆಟೋ ಹತ್ತಿದೆ.

ಹದಿನಾರು ವರ್ಷದಲ್ಲಿ ನಾನು ಆ ಜಾಗಕ್ಕೆ ಕಾಲಿಟ್ಟದ್ದು ಅದೇ ಮೊದಲು. ಸಂಜೆ ಐದೂವರೆ. ಓಣಿಯಲ್ಲಿ ಇಳಿದೆ. ಹನುಮಕ್ಕನ ಮನೆ, ಅದಕ್ಕೆ ಅಂಟಿದಂತೆ ತಿಮ್ಮಯ್ಯನ ಮನೆ, ಒಣಗಲು ಇಟ್ಟ ಮಡಕೆಗಳು. ಎಲ್ಲ ಸರಿಯಾಗಿದೆ ಎಂದು ಬಾಯಿ ತೆರೆಯಬೇಕು, ಅಷ್ಟರಲ್ಲಿ ಕಣ್ಣಿಗೆ ಬಿಸಿಲು ಚುಚ್ಚಿತು. ಸೂರ್ಯ ತಿಮ್ಮಯ್ಯನ ಮನೆಯ ಹಿಂದೆ ಇಳಿಯುತ್ತಿದ್ದ. ನನ್ನ ಪತ್ರದಲ್ಲಿ ಆ ಮನೆ ಮೂಡಲಿಗೆ ಇತ್ತು.

ಸೂರ್ಯ ಪತ್ರ ಓದಿಕೊಂಡು ಮುಳುಗುವುದಿಲ್ಲ. ನಾನು ಹನುಮಕ್ಕನ ಜಗಲಿಯ ಮೇಲೆ ಕೂತುಬಿಟ್ಟೆ. "ತಪ್ಪು ನಂದೇ ಕಣೆ" ಎಂದೆ. ಜೀವಮಾನದಲ್ಲಿ ಆ ಮಾತನ್ನು ಒಬ್ಬ ಗಿರಾಕಿಯ ಎದುರು ಹೇಳಿದ್ದು ಅದೇ ಮೊದಲು. ಅವಳು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಒಳಗೆ ಹೋಗಿ ನೀರು ತಂದುಕೊಟ್ಟು, "ಈಗ ಹೆಂಗೆ?" ಎಂದು ಕೇಳಿದಳು. ಟೈಲರ್ ಮಿಷನ್ ನಿಲ್ಲಿಸಿ ಬಾಗಿಲಲ್ಲಿ ನಿಂತಿದ್ದ. ನರ್ಸ್ ಹುಡುಗಿ, ತಾನು ಬೇರೆ ರೂಮು ನೋಡಿಕೊಳ್ಳಬೇಕಾ ಎಂದು ಮೆತ್ತಗೆ ವಿಚಾರಿಸಿದಳು. ಹನುಮಕ್ಕ "ಸುಮ್ಕಿರು ತಾಯಿ" ಎಂದಳು. ಆದರೆ ಅವಳ ಮುಖದಲ್ಲಿ ಬಣ್ಣವೇ ಇರಲಿಲ್ಲ.

ಆ ಕ್ಷಣದಿಂದ ನನ್ನ ಮೈಗೆ ಏನೋ ಹೊಕ್ಕಿತು. ಇದಕ್ಕೆ ದಾರಿ ಇದೆ! ತಿದ್ದುಪಡಿ ಪತ್ರ ಎಂಬುದಿದೆ. ಮಾರಿದವರು, ಕೊಂಡವರು ಒಪ್ಪಿ ಸಹಿ ಹಾಕಿದರೆ ಹಳೆಯ ಪತ್ರದ ತಪ್ಪನ್ನು ತಿದ್ದಿ ನೋಂದಣಿ ಮಾಡಿಸಬಹುದು. ಇಲ್ಲಿ ಎರಡು ಪತ್ರ ತಿದ್ದಬೇಕು, ಹನುಮಕ್ಕನದು ಮತ್ತು ಜಬ್ಬಾರ್ ಸಾಹೇಬರದು. ಎರಡಕ್ಕೂ ಆಂಜಿನಪ್ಪನ ಹೆಬ್ಬೆಟ್ಟು ಬೇಕು. ಆಂಜಿನಪ್ಪನಿಗೆ ಎಂಬತ್ತು ದಾಟಿತ್ತು. ಅವನು ಕಣ್ಣು ಮುಚ್ಚಿದರೆ ಅನಂತಪುರ, ಹಿಂದೂಪುರ, ಬಳ್ಳಾರಿ ಎಂದು ಚದುರಿಹೋದ ಅವನ ಆರು ಮಕ್ಕಳನ್ನು ಒಟ್ಟುಗೂಡಿಸಬೇಕು. ಆರು ಜನ ಒಪ್ಪಬೇಕು. ಆರು ಜನ ಒಂದೇ ದಿನ ಬರಬೇಕು. ಅದಾಗುವುದಕ್ಕಿಂತ ಮದಲೂರು ಕೆರೆಯ ನೀರೇ ಬಂದು ಸಹಿ ಹಾಕೀತು.

ಮಾರನೆಯ ಬೆಳಿಗ್ಗೆಯೇ ನಾನು, ಹನುಮಕ್ಕ ಸಿರಾ ಬಸ್ಸು ಹತ್ತಿದೆವು. ಅವಳ ಮಡಿಲಲ್ಲಿ ಒಂದು ತಗಡಿನ ಪೆಟ್ಟಿಗೆ. ಏನದು ಎಂದರೆ ಮುಚ್ಚಳ ತೆರೆದಳು. ಅಬ್ಬಾ! ಹದಿನಾರು ವರ್ಷದ ಬಾಡಿಗೆ ಕರಾರುಗಳು, ಕಂದಾಯದ ರಸೀದಿಗಳು, ಕರೆಂಟು ಬಿಲ್ಲುಗಳು, ಒಂದೂ ಬಿಡದೆ ಇದ್ದವು. ಪ್ರತಿ ಕರಾರಿನಲ್ಲೂ ನಾನೇ ಬರೆದ ಸಾಲು: ‘ಕುಂಬಾರ ತಿಮ್ಮಯ್ಯನ ಗೋಡೆಗೆ ಹೊಂದಿಕೊಂಡಿರುವ ಕೋಣೆ’. "ಹಳೇವು ಯಾಕೆ ಇಟ್ಕೊಂಡಿದೀಯೆ?" ಎಂದು ಕೇಳಿದೆ. "ನೀನೇ ಅಲ್ವಾ ಇಟ್ಕೋ ಅಂದಿದ್ದು?" ಎಂದಳು. ನಾನು ಹೇಳಿದ ಬುದ್ಧಿಮಾತನ್ನು ಯಾರೋ ಒಬ್ಬರು ನಿಜವಾಗಿ ಕೇಳಿದ್ದರು ಎಂದು ಆ ಬಸ್ಸಿನಲ್ಲಿ ಗೊತ್ತಾಯಿತು. ಮನೆ ಬಾಡಿಗೆಗೆ ಕೊಡುವವರೇ, ಹಳೆಯ ಕರಾರು ಮುಗಿಯಿತೆಂದು ಒಲೆಗೆ ಹಾಕಬೇಡಿ. ಆ ಜಾಗ ಇಷ್ಟು ವರ್ಷ ಯಾರ ಕೈಯಲ್ಲಿತ್ತು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಬಾಯಿ ಇನ್ನೊಂದಿಲ್ಲ.

ಹೆದ್ದಾರಿಯ ಪಕ್ಕ ಜಬ್ಬಾರ್ ಸಾಹೇಬರ ಟೈರ್ ಅಂಗಡಿ. ಗಾಳಿ ತುಂಬುವ ಯಂತ್ರದ ಸದ್ದಿನಲ್ಲಿ ಅವರು ಕೂಗಿಯೇ ಮಾತಾಡಬೇಕಿತ್ತು. ನೋಟಿಸ್ ಕಳಿಸಿದ ಮನುಷ್ಯ ಹುಲಿಯಂತಿರುತ್ತಾನೆ ಎಂದುಕೊಂಡಿದ್ದೆ. ನೋಡಿದರೆ ನಮಗಿಂತ ಹೆಚ್ಚು ಹೆದರಿದ್ದರು.

"ಪೂರಾ ಜಿಂದಗಿ ಟೈರ್ ಬಿಚ್ಚಿ, ಟೈರ್ ಹಾಕಿ ಒಂದು ಜಾಗ ತಗೊಂಡೆ ಅಮ್ಮಾ. ಮನೆ ಕಟ್ಟಿ ಬಾಡಿಗೆಗೆ ಬುಡೋಣ ಅಂತ ಬ್ಯಾಂಕ್‌ಗೆ ಹೋದೆ. ಅವರ ಇಂಜಿನಿಯರ್ ಕಾಗಜ್ ಹಿಡ್ಕೊಂಡು ನೋಡಿ, ‘ನಿಮ್ಮ ಜಾಗದಾಗೆ ಆಗ್ಲೇ ಮನೆ ಅದಲ್ಲ ಸಾಬ್’ ಅಂದ. ವಕೀಲ್ರ ಹತ್ರ ಓಡ್ದೆ. ಇನ್ನೇನ್ ಮಾಡ್ಲಿ?"

"ಕೊಳ್ಳೋ ಮುಂಚೆ ಬ್ರೋಕರ್ ನಿಮಗೆ ತೋರಿಸಿದ್ದು ಯಾವ ಜಾಗ?" ಎಂದೆ.

ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ಖಾಲಿ ಜಾಗಾನೇ ತೋರ್ಸಿದ್ದು. ಸುಳ್ಳು ಯಾಕ್ ಹೇಳ್ಲಿ, ಐದು ಹೊತ್ತು ನಮಾಜ್‌ಗೆ ನಿಲ್ಲೋನು ನಾನು. ಆದ್ರೆ ಕಾಗಜ್ ಏನ್ ಹೇಳ್ತದೋ ಅದೇ ಅಲ್ವಾ ಜಮೀನು? ನೀವು ತಿದ್ದಿ ಅಂತೀರ. ಆ ಖಾಲಿ ಅರ್ಧಾನೂ ಮುದುಕ ಯಾರಿಗೋ ಮಾರಿದ್ರೆ? ಆಗ ನಾನು ಈ ಕಡೆನೂ ಇಲ್ಲ, ಆ ಕಡೆನೂ ಇಲ್ಲ."

ಒಳ್ಳೆಯ ಪ್ರಶ್ನೆ! ಜಾಗ ಕೊಳ್ಳುವವರೆಲ್ಲ ಕೇಳಬೇಕಾದ ಪ್ರಶ್ನೆ. ಆ ನಿವೇಶನದ ಋಣಭಾರ ಪತ್ರವನ್ನು ನಾನು ತೆಗೆಸಿಕೊಂಡೇ ಹೋಗಿದ್ದೆ. ಇಷ್ಟು ವರ್ಷದಲ್ಲಿ ಎರಡೇ ಮಾರಾಟ, ಒಂದು ಹನುಮಕ್ಕನಿಗೆ, ಒಂದು ಅವರಿಗೆ. ಕರಾರುಗಳನ್ನೂ ತೋರಿಸಿದೆ. ಅವರು ಒಂದೊಂದನ್ನೂ ತಿರುವಿ ನೋಡಿದರು. ಆದರೂ ಅನುಮಾನ ಹೋಗಲಿಲ್ಲ.

"ನೀವಿಬ್ರೂ ಮೊದ್ಲಿಂದ ಪಹಚಾನ್. ಮುದುಕ ನನ್ನ ಮುಂದೇನೆ ಬಾಯಿ ಬುಟ್ಟು ಹೇಳ್ಲಿ. ನನ್ನ ವ್ಯಾನಾಗೇ ಹೋಗೋಣ."

ಹಾಗೆ ಹೊರಟೆವು ನೋಡಿ, ಹಳೆಯ ಟೈರುಗಳ ನಡುವೆ ಇಬ್ಬರು ಹೆಂಗಸರು, ಮುಂದೆ ನೋಟಿಸ್ ಕೊಟ್ಟವರು! ಮಧುಗಿರಿ ದಾಟಿದ ಮೇಲೆ ಹನುಮಕ್ಕ ಬುತ್ತಿ ಬಿಚ್ಚಿ ಚಿತ್ರಾನ್ನ ಹಂಚಿದಳು. ತನ್ನನ್ನು ಮನೆ ಬಿಡಿಸಲು ಹೊರಟ ಮನುಷ್ಯನಿಗೆ ಎರಡನೆಯ ಸಲ ಬಡಿಸಿದಳು. ಜಬ್ಬಾರ್ ಸಾಹೇಬರು ತಿಂದು, ತಲೆ ತಗ್ಗಿಸಿಕೊಂಡು ಗಾಡಿ ಓಡಿಸಿದರು. ಪಾವಗಡದ ಬಂಡೆಗುಡ್ಡಗಳು ಕಾಣಿಸುವ ಹೊತ್ತಿಗೆ ಅಂಗಡಿ ಬೋರ್ಡುಗಳಲ್ಲಿ ಕನ್ನಡ, ಮಾತಿನಲ್ಲೆಲ್ಲ ತೆಲುಗು.

ಆಂಜಿನಪ್ಪ ಬೇವಿನ ಮರದ ಕೆಳಗೆ ಮಂಚದ ಮೇಲೆ ಕೂತಿದ್ದ. ಬೆನ್ನು ಬಾಗಿತ್ತು, ಕಣ್ಣು ಚುರುಕಾಗಿತ್ತು. ನನ್ನನ್ನು ಕಂಡವನೇ "ಏಮಮ್ಮಾ ಜಯಮ್ಮಾ, ಇಂತ ದೂರಂ ವಚ್ಚಿನಾವು!" ಎಂದು, ಇಷ್ಟು ದೂರ ಬಂದದ್ದಕ್ಕೆ ಸಂಭ್ರಮಪಟ್ಟ. ವಿಷಯ ಹೇಳಿದೆ. ಅವನ ಮುಖ ಕೆಂಪಾಯಿತು.

"ನಾನು ತಪ್ಪು ಚೆಪ್ಪಿಲ್ಲ ತಲ್ಲೀ. ಆವತ್ತು ನಿನ್ನ ಮೇಜಿನ ಮುಂದೆ ಕುಂತು ಬೊಮ್ಮ ಬರ್ದು ತೋರ್ಸಿದ್ದೆ ಕದಾ? ಮಳ್ಳಾ ಬರೀತೀನಿ, ಚೂಡು!"

ಕೋಲು ತೆಗೆದುಕೊಂಡು ಮಣ್ಣಿನ ಮೇಲೆ ಮತ್ತೆ ಚಿತ್ರ ಬರೆದ. ಉದ್ದನೆಯ ಚೌಕ, ನಡುವೆ ಗೆರೆ. ತನ್ನ ಎಡಕ್ಕೆ ಕೋಲಿಟ್ಟು "ಇದಿ ಹನುಮಕ್ಕದಿ, ದೀನಿ ಪಕ್ಕ ಕುಂಬಾರ ಮನೆ, ಪಡಮರ" ಎಂದ. ಪಡಮರ ಎಂದರೆ ಪಡುವಲು. ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದ ನಾನು ನೋಡಿದೆ. ನನ್ನ ಕಣ್ಣಿಗೆ ಹನುಮಕ್ಕನ ಅರ್ಧ ಬಲಕ್ಕಿತ್ತು. ಕುಂಬಾರರ ಮನೆಯೂ ಬಲಕ್ಕಿತ್ತು. ನಕ್ಷೆಯಲ್ಲಿ ಬಲ ಎಂದರೆ ಮೂಡಲು!

"ಸಿಕ್ತು!" ಎಂದು ಕಿರುಚಿದೆ. ಮರದ ಮೇಲಿನ ಕಾಗೆ ಹಾರಿಹೋಯಿತು.

ನಮ್ಮ ಕಸುಬಿನವರು ಮಾತ್ರ ಮಾಡಬಲ್ಲ ತಪ್ಪು ಅದು. ಗಿರಾಕಿ ಮೇಜಿನ ಆಚೆ ಕೂರುತ್ತಾನೆ, ನಾವು ಈಚೆ ಕೂರುತ್ತೇವೆ. ಅವನು ತನ್ನ ಕಡೆಯಿಂದ ಚಿತ್ರ ಬರೆಯುತ್ತಾನೆ, ನಾವು ನಮ್ಮ ಕಡೆಯಿಂದ ಓದುತ್ತೇವೆ. ಪಡುವಲು ಮೂಡಲಾಗುತ್ತದೆ, ಬಡಗಲು ತೆಂಕಲಾಗುತ್ತದೆ. ಹನುಮಕ್ಕನ ಜಾಗಕ್ಕೆ ಬಡಗಲಿಗೂ ಓಣಿ, ತೆಂಕಲಿಗೂ ಓಣಿ. ಆದ್ದರಿಂದ ಆ ಎರಡು ತಿರುವುಮುರುವಾದರೂ ಅನುಮಾನ ಬರಲಿಲ್ಲ. ಅವನು ಬಾಯಲ್ಲಿ ಸರಿಯಾಗಿಯೇ ಹೇಳಿದ್ದ. ನಾನು ಆಗಲೇ ಮುಂದಿನ ಪತ್ರದ ಯೋಚನೆಯಲ್ಲಿದ್ದೆ, ಕೇಳಿಸಿಕೊಳ್ಳದೆ ಚಿತ್ರ ನೋಡಿ ಗುಂಡಿ ಒತ್ತಿದೆ. ಜಬ್ಬಾರ್ ಸಾಹೇಬರ ಪತ್ರ ಬರೆದವನು ನನ್ನ ಪತ್ರ ನೋಡಿ, ಇವಳದು ಮೂಡಲಾದರೆ ಉಳಿದದ್ದು ಪಡುವಲು ಎಂದು ಬರೆದ. ಅವನೂ ಜಾಗ ನೋಡಲಿಲ್ಲ.

ಜಬ್ಬಾರ್ ಸಾಹೇಬರು ನಂಬಲಿಲ್ಲ. "ಸಾಬ್, ನೀವೇ ನಿಮ್ಮ ಅಂಗಡಿ ಚಿತ್ರ ಬರೀರಿ" ಎಂದು ಕೋಲು ಕೊಟ್ಟೆ. ಹೆದ್ದಾರಿ, ಅಂಗಡಿ, ಪಕ್ಕದ ಹೋಟೆಲು, ಎಲ್ಲ ಬರೆದರು. ಎದುರಿನಿಂದ ಓದಿ ಹೇಳಿದೆ: "ಹೋಟ್ಲು ನಿಮ್ಮ ಅಂಗಡಿ ಬಲಗಡೆ ಅದೆ."

"ಲೆಫ್ಟಾಗೆ ಅಮ್ಮಾ!"

"ನನಗೆ ಬಲಗಡೆ ಕಾಣ್ತದಲ್ಲ."

ಅವರು ಎದ್ದು ನನ್ನ ಪಕ್ಕಕ್ಕೆ ಬಂದು ನೋಡಿದರು. ಮತ್ತೆ ಆಚೆ ಹೋಗಿ ಆಂಜಿನಪ್ಪನ ಪಕ್ಕ ನಿಂತು ನೋಡಿದರು. ಮತ್ತೆ ಈಚೆ ಬಂದರು. ಹೀಗೆ ಮೂರು ಸಲ. ಆಮೇಲೆ ಹಣೆಗೆ ಕೈಯಿಟ್ಟುಕೊಂಡು "ಯಾ ಅಲ್ಲಾ!" ಎಂದು ನಗಲು ಶುರುಮಾಡಿದರು ನೋಡಿ, ಆಂಜಿನಪ್ಪನೂ ನಕ್ಕ, ನಾನೂ ನಕ್ಕೆ. ಹನುಮಕ್ಕ ಮಾತ್ರ ನಗಲಿಲ್ಲ. "ಸಹಿ ಹಾಕ್ತೀರಾ ಸಾಬ್ರೆ?" ಎಂದಳು.

"ನನಗೆ ತೋರ್ಸಿದ ಜಾಗ ನನಗೆ ಸಾಕು ಬೆಹೆನ್. ನಿಮ್ಮನೆ ಗೋಡೆ ಮ್ಯಾಲೆ ನನ್ನ ನಿಗಾ ಇಲ್ಲ."

ಸೋಮವಾರ ಮಧುಗಿರಿಯಲ್ಲಿ ಎಲ್ಲರೂ ಸೇರಿದೆವು. ಆಂಜಿನಪ್ಪನನ್ನು ವ್ಯಾನಿನಲ್ಲಿ ಹಾಸಿಗೆ ಹಾಸಿ ಕರೆತಂದಿದ್ದರು ಜಬ್ಬಾರ್ ಸಾಹೇಬರು. ಎರಡು ತಿದ್ದುಪಡಿ ಪತ್ರ ಸಿದ್ಧವಾಗಿದ್ದವು. ಇಂಥ ಪತ್ರಗಳಲ್ಲಿ ‘ಕಣ್ತಪ್ಪಿನಿಂದ’ ಎಂದು ಬರೆಯುವುದು ವಾಡಿಕೆ. ಯಾರ ಕಣ್ಣು ಎಂದು ಯಾರೂ ಬರೆಯುವುದಿಲ್ಲ. ನಾನು ಬರೆದೆ: ‘ಜಾಗವನ್ನು ನೋಡದೆ ಪತ್ರ ಬರೆದ ಬರಹಗಾರ್ತಿ ಜಯಮ್ಮ ಆದ ನನ್ನ ತಪ್ಪಿನಿಂದ.’ ನೋಂದಣಿ ಅಧಿಕಾರಿ ವಯಸ್ಸಿನಲ್ಲಿ ನನ್ನ ಮಗಳಷ್ಟಿದ್ದರು. ಓದಿ ತಲೆಯೆತ್ತಿದರು. "ಹೀಗೆ ಯಾರೂ ಬರೆಯಲ್ಲ ಮೇಡಂ." "ಇದು ನನ್ನ ಕೊನೇ ಪತ್ರ, ಇರ್ಲಿ ಬುಡಿ" ಎಂದೆ.

ಇನ್ನೇನು ಮುಗಿಯಿತು ಅನ್ನುವಾಗ ಹೊಸ ಗಂಡಾಂತರ. ಮೊದಲಾದರೆ ಹೆಬ್ಬೆಟ್ಟಿಗೆ ಶಾಯಿ ಬಳಿದು ಒತ್ತಿಸಿದರೆ ಆಗುತ್ತಿತ್ತು. ಈಗ ಬೆರಳನ್ನು ಯಂತ್ರದ ಗಾಜಿನ ಮೇಲೆ ಇಡಬೇಕು. ಆಂಜಿನಪ್ಪ ಬಲಗೈ ಹೆಬ್ಬೆರಳಿಟ್ಟ. ಆಗಲಿಲ್ಲ. ಒರೆಸಿ ಇಟ್ಟ. ಆಗಲಿಲ್ಲ. ಎಡಗೈ ಇಟ್ಟ. ಅದೂ ಆಗಲಿಲ್ಲ.

"ರಾಳ್ಳು ತಿನೇಸಿನಾಯಮ್ಮಾ ನಾ ವೇಳ್ಳು" ಎಂದು ಬೆರಳು ತೋರಿಸಿದ. ಅರವತ್ತು ವರ್ಷ ಉಳಿ, ಸುತ್ತಿಗೆ ಹಿಡಿದ ಕೈ. ಕಲ್ಲು ಅವನ ಬೆರಳಿನ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ಈ ತಾಲೂಕಿನ ಎಷ್ಟು ಬಾವಿಗಳಿಗೆ ಅವನು ಕಲ್ಲು ಕಟ್ಟಿದ್ದನೋ, ಆದರೆ ಅವನು ಅವನೇ ಎಂದು ಹೇಳಲು ಬೆರಳಲ್ಲಿ ಒಂದು ಗೆರೆ ಉಳಿದಿರಲಿಲ್ಲ. ಸಾಲಿನಲ್ಲಿ ನಿಂತವರೆಲ್ಲ ಸಲಹೆ ಕೊಡತೊಡಗಿದರು. ಒಬ್ಬ ನಿಂಬೆಹಣ್ಣು ಅಂದ, ಇನ್ನೊಬ್ಬ ತಲೆಗೂದಲಿಗೆ ಉಜ್ಜು ಅಂದ. ಅಧಿಕಾರಿ ತಾಳ್ಮೆಯಿಂದ "ಅಜ್ಜ, ಇನ್ನೊಂದ್ಸಲ" ಅನ್ನುತ್ತಲೇ ಇದ್ದರು.

ಹನುಮಕ್ಕ ಸರಕ್ಕನೆ ಹೊರಗೆ ಹೋದಳು. ಎದುರಿನ ಟೀ ಅಂಗಡಿಯಿಂದ ಲೋಟದಲ್ಲಿ ಬಿಸಿನೀರು, ಒಂದು ಹನಿ ಕೊಬ್ಬರಿ ಎಣ್ಣೆ ತಂದಳು. ಮುದುಕನ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಹೆಬ್ಬೆರಳನ್ನು ಬಿಸಿನೀರಿನಲ್ಲಿ ಅದ್ದಿ, ಎಣ್ಣೆ ತಿಕ್ಕಿ, ಸೆರಗಿನಿಂದ ಒರೆಸಿದಳು. ಹಾಸ್ಟೆಲಿನ ಮಕ್ಕಳ ಕೈ ತೊಳೆಸಿದವಳಿಗೆ ಅದು ಹೊಸ ಕೆಲಸವಲ್ಲ. "ಈಗ ಇಕ್ಕು ತಾತ, ಒತ್ಬ್ಯಾಡ, ಸುಮ್ನೆ ಇಕ್ಕು" ಎಂದಳು. ಇಟ್ಟ. ಯಂತ್ರ ಟಿಂಗ್ ಎಂದಿತು. ಪರದೆಯ ಮೇಲೆ ಹಸಿರು ಬಣ್ಣ! ಸಾಲಿನಲ್ಲಿ ನಿಂತವರು ಚಪ್ಪಾಳೆ ತಟ್ಟಿದರು. ನೋಂದಣಿ ಕಚೇರಿಯಲ್ಲಿ ಚಪ್ಪಾಳೆ ಕೇಳಿದ್ದು ನಾನು ಅದೊಂದೇ ಸಲ.

ಪತ್ರ ಕೈಗೆ ಬಂದ ಮೇಲೆ ಹನುಮಕ್ಕ ಮನೆಗೆ ಹೊರಟಳು. ನಾನು ಬಿಡಲಿಲ್ಲ, ಎಲ್ಲರನ್ನೂ ಜಾಗಕ್ಕೆ ಕರೆದುಕೊಂಡು ಹೋದೆ. ಹದಿನಾರು ವರ್ಷದ ಹಿಂದೆ ಮಾಡಬೇಕಿದ್ದ ಕೆಲಸ ಬಾಕಿ ಇತ್ತು. ಚಪ್ಪಲಿ ಬಿಟ್ಟು ಅಂಗಳದ ನಡುವೆ ನಿಂತು, ಹೊಸ ಪತ್ರ ತೆರೆದು, ನಾಲ್ಕು ಸಾಲನ್ನು ಗಟ್ಟಿಯಾಗಿ ಓದಿದೆ. ಒಂದೊಂದು ಸಾಲಿಗೂ ಹನುಮಕ್ಕ ಆ ದಿಕ್ಕಿಗೆ ನಡೆದು ಹೋಗಿ ನಿಂತಳು. ಟೈಲರ್, ನರ್ಸ್ ಹುಡುಗಿ, ಕುರ್ಚಿಯ ಮೇಲೆ ಆಂಜಿನಪ್ಪ, ಎಲ್ಲರೂ ನೋಡುತ್ತಿದ್ದರು.

"ಬಡಗಲಿಗೆ ಓಣಿ." ಹೋಗಿ ನಿಂತಳು.

"ತೆಂಕಲಿಗೆ ಓಣಿ." ಹಿತ್ತಲ ಬಾಗಿಲಿಗೆ ಹೋಗಿ ಬಂದಳು.

"ಮೂಡಲಿಗೆ ಜಬ್ಬಾರ್ ಸಾಹೇಬರ ಖಾಲಿ ಜಾಗ." ಖಾಲಿ ಜಾಗದ ನಡುವೆ ನಿಂತಿದ್ದ ಜಬ್ಬಾರ್ ಸಾಹೇಬರು ಕೈಯೆತ್ತಿ "ಹಾಜಿರ್!" ಎಂದರು.

"ಪಡುವಲಿಗೆ ಕುಂಬಾರ ತಿಮ್ಮಯ್ಯನ ಮನೆ."

ಹನುಮಕ್ಕ ಆ ಗೋಡೆಯ ಹತ್ತಿರ ಹೋಗಿ ಅದರ ಮೇಲೆ ಅಂಗೈ ಇಟ್ಟಳು. ಗೋಡೆಯಾಚೆ ಮಡಕೆ ತಟ್ಟುವ ಸದ್ದು ನಿಂತಿತು. ಈ ಗಲಾಟೆಯ ತಲೆಬುಡ ಗೊತ್ತಿಲ್ಲದ ತಿಮ್ಮಯ್ಯ ತನ್ನ ಹೆಸರು ಕೇಳಿ ಅಲ್ಲಿಂದಲೇ ಕೂಗಿದ: "ಹೂಂ ಕಣಕ್ಕ, ಇಲ್ಲೇ ಇವ್ನಿ! ಏನಾಗ್ಬೇಕಿತ್ತು?"

ನೋಟಿಸ್ ಬಂದ ದಿನದಿಂದ ಒಂದು ಹನಿ ಕಣ್ಣೀರು ಹಾಕದ ಹನುಮಕ್ಕ ಗೋಡೆಗೆ ಹಣೆ ಹಚ್ಚಿ ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆಯಾಚೆಗೆ ಕೇಳುವ ಹಾಗೆ ಹೇಳಿದಳು: "ಏನೂ ಇಲ್ಲ ಕಣ್ ತಿಮ್ಮಣ್ಣ, ನೀನು ಅಲ್ಲೇ ಇರು."